ಎಂಟು ಕ್ಲಾಸಿಗೂ ಹಿನ್ನೆಲೆ ಕಥೆ ಇದೆ, ಆದರೂ ಆಡುವಾಗ ಎಲ್ಲ ಒಂದೇ ಥರ ಯಾಕೆ?

ನೀವು ಮಾಡುತ್ತಿರುವ ಆಟದಲ್ಲಿ ಎಂಟು ಕ್ಲಾಸ್ ಇವೆ, ಕ್ಲಾಸ್ ಅಂದರೆ ಆಟಗಾರ ಆರಿಸಿಕೊಳ್ಳುವ ಪಾತ್ರದ ಬಗೆ. ಅವು ಬೇರೆ ಬೇರೆ ಅನಿಸಲು ಕಥೆಯನ್ನು ಇನ್ನೂ ಉದ್ದ ಮಾಡಬೇಕಾ ಅಂತ ಕೇಳಿದ್ದೀರಿ. ಬೇಡ. ಕಥೆಯನ್ನು ಸದ್ಯಕ್ಕೆ ಮುಟ್ಟಲೇಬೇಡಿ. ನನಗೂ ಇದೇ ಆಗಿತ್ತು.

ಗೆಳೆಯರಿಗೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿಸುತ್ತಿದ್ದೆ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಹಾಕಿ ಆಡುವ ಆಟ ಅದು, 2014ರ ಐದನೇ ಆವೃತ್ತಿ. ನಾಲ್ಕು ಜನ, ಮೂರನೇ ಲೆವೆಲ್. ಒಬ್ಬಳು ರೋಗ್ (ಕಳ್ಳನ ಥರದ ಕ್ಲಾಸ್) ಆಗಿದ್ದಳು, ಬೀಗ ತೆಗೆಯುವುದು ಅವಳ ಕೆಲಸ. ಬೀಗ ಬಂದಾಗಲೆಲ್ಲ ನಾವು ಸುಮ್ನೆ ಕೂತಿರಬೇಕು ಅಂತ ಉಳಿದ ಮೂವರು ಬೇಜಾರು ಮಾಡಿಕೊಂಡರು. ನನಗೂ ಅದು ನ್ಯಾಯ ಅನಿಸಿತು. ಅವರಿಗೆಲ್ಲ ಬೀಗ ತೆಗೆಯಲು +5 ಕೊಟ್ಟುಬಿಟ್ಟೆ, ಅಂದರೆ ದಾಳದಲ್ಲಿ ಬಿದ್ದಿದ್ದಕ್ಕೆ 5 ಕೂಡಿಸಿಕೊಳ್ಳಬಹುದು. ಅವಳಿಗೆ +7 ಇದೆಯಲ್ಲ, ಅವಳೇ ಮುಂದಿರುತ್ತಾಳೆ ಅಂದುಕೊಂಡೆ.

ನಾನು ಕೆಟ್ಟಿದ್ದು ಇಲ್ಲೇ, ಲೆಕ್ಕ ಹಾಕಿಯೇ ಹೇಳುತ್ತೇನೆ. ಬೀಗಕ್ಕೆ ಒಟ್ಟು 15 ಬೇಕು. 20 ಮುಖದ ದಾಳದಲ್ಲಿ ಅವಳಿಗೆ 8 ಅಥವಾ ಜಾಸ್ತಿ ಬಿದ್ದರೆ ಸಾಕು, ಅಂದರೆ ನೂರಕ್ಕೆ 65 ಸಲ. ಉಳಿದವರಿಗೆ 10 ಬೀಳಬೇಕು, ನೂರಕ್ಕೆ 55. ನೋಡೋಕೆ ಅವಳೇ ಮುಂದೆ, ಅಲ್ವಾ? ಆದರೆ ಆ ಮೂವರು ಒಬ್ಬರಾದ ಮೇಲೊಬ್ಬರು ದಾಳ ಹಾಕುತ್ತಾರೆ, ಯಾರಿಗೆ ಬಿದ್ದರೂ ಬಾಗಿಲು ತೆರೆಯುತ್ತದೆ, ಮೂವರೂ ಸೋಲುವುದು ನೂರಕ್ಕೆ ಹೆಚ್ಚುಕಡಿಮೆ 9 ಸಲ ಮಾತ್ರ. ಅವಳು ದಾಳ ಮುಟ್ಟದೆಯೇ 91 ಸಲ ಬಾಗಿಲು ತೆರೆಯುತ್ತಿತ್ತು! ಅವಳ ಪಾತ್ರದ ಅಂಕಿಗಳಿರುವ ಹಾಳೆಯಿಂದ ನಾನು ಒಂದು ಅಂಕಿಯನ್ನೂ ಅಳಿಸಿರಲಿಲ್ಲ. ಆದರೆ ಬಾಗಿಲ ಮುಂದೆ ನಿಂತು ಅವಳ ಕಡೆ ತಿರುಗುವವರು ಯಾರೂ ಉಳಿಯಲಿಲ್ಲ. ಮೂರು ವಾರದಲ್ಲಿ ಅವಳು ಫೋನ್ ನೋಡುತ್ತಾ ಕೂತಳು, ನಾಲ್ಕನೇ ವಾರ ಬರಲಿಲ್ಲ. ಅವಳ ಪಾತ್ರಕ್ಕೆ ನಾವಿಬ್ಬರೂ ಸೇರಿ ನಾಲ್ಕು ಪುಟ ಕಥೆ ಬರೆದಿದ್ದೆವು, ಅದು ಯಾವುದಕ್ಕೂ ಬರಲಿಲ್ಲ.

ಇದು ಹಳೇ ಜಗಳ. 1974ರಲ್ಲಿ ಈ ಆಟ ಬಂದಾಗ ಇದ್ದಿದ್ದು ಮೂರೇ ಕ್ಲಾಸ್: ಯೋಧ, ಮಾಂತ್ರಿಕ, ಕ್ಲೆರಿಕ್ (ಪುರೋಹಿತ). ಇವತ್ತಿನ ರೋಗ್‌ಗೆ ಮೂಲವಾದ ಕಳ್ಳ ಬಂದಿದ್ದು 1975ರ ಪುರವಣಿಯಲ್ಲಿ. ಬೀಗ, ಬಲೆ ಎಲ್ಲ ಕಳ್ಳನ ಪಾಲಾದರೆ ಉಳಿದವರು ಪ್ರಯತ್ನವನ್ನೇ ಮಾಡಬಾರದಾ ಅಂತ ಜನ ಇವತ್ತಿಗೂ ವಾದ ಮಾಡುತ್ತಾರೆ. ಮಾಡಲಿ ಬಿಡಿ, ಆದರೆ ಬೆಲೆ ತೆರಲಿ ಅನ್ನುವುದು ನನ್ನ ಮಾತು. ಮುಂದಿನ ಆಟದಲ್ಲಿ ಹಾಗೇ ಮಾಡಿದೆ. ರೋಗ್ ಅಲ್ಲದವರು ಸೋತರೆ ಬೀಗ ಕಚ್ಚಿಕೊಳ್ಳುತ್ತದೆ, ಸದ್ದಿಗೆ ಕಾವಲುಗಾರ ಬರುತ್ತಾನೆ. ರೋಗ್ ಸೋತರೆ ಸದ್ದೇ ಇಲ್ಲ, ಇನ್ನೊಂದು ಸಲ ನೋಡಬಹುದು. +7 ಹಾಗೇ ಇತ್ತು.

ನಾನು ಆಡಿಸಿದ ಅದೇ 2014ರ ಆವೃತ್ತಿಯ ವಿಝರ್ಡ್, ವಾರ್ಲಾಕ್ ಅನ್ನುವ ಕ್ಲಾಸ್‌ಗಳನ್ನು ನೋಡಿ. ಇಬ್ಬರೂ ಮಂತ್ರದವರೇ. ಮೂರನೇ ಲೆವೆಲ್‌ನಲ್ಲಿ ವಿಝರ್ಡ್‌ಗೆ ಆರು ಸ್ಲಾಟ್ (ಒಂದು ಮಂತ್ರ ಹಾಕಿದರೆ ಒಂದು ಸ್ಲಾಟ್ ಖರ್ಚು), ಬಹುಪಾಲು ರಾತ್ರಿ ನಿದ್ದೆಯಾದ ಮೇಲೇ ವಾಪಸ್. ವಾರ್ಲಾಕ್‌ಗೆ ಎರಡೇ, ಆದರೆ ಒಂದು ಗಂಟೆ ಕೂತರೆ ಎರಡೂ ವಾಪಸ್. ಹಾಗಾಗಿ ಒಬ್ಬ ಕೂಡಿಡುತ್ತಾನೆ, ಇನ್ನೊಬ್ಬ ಖರ್ಚು ಮಾಡಿ "ಸ್ವಲ್ಪ ಕೂರೋಣ" ಅನ್ನುತ್ತಾನೆ. ಹಿನ್ನೆಲೆ ಓದದವನಿಗೂ ಯಾರು ಯಾರು ಅಂತ ಗೊತ್ತಾಗುತ್ತದೆ.

ನಿಮ್ಮ ಎಂಟು ಕ್ಲಾಸಿನ ಹೆಸರು ಮುಚ್ಚಿ, ಹಾಳೆಗಳನ್ನಷ್ಟೇ ಕೊಟ್ಟು ಒಂದು ದಿನ ಆಡಿಸಿ. ಯಾವ ಕಷ್ಟ ಬಂದಾಗ ಯಾರ ಕಡೆ ತಿರುಗುತ್ತಾರೆ ಅಂತ ಬರೆದಿಟ್ಟುಕೊಳ್ಳಿ. ಯಾರೂ ತಿರುಗದ ಕ್ಲಾಸನ್ನು ಅದಕ್ಕೆ ಹತ್ತಿರವಿರುವ ಇನ್ನೊಂದರ ಜೊತೆ ಸೇರಿಸಿಬಿಡಿ. ಎಂಟು ಐದಾದರೂ ಪರವಾಗಿಲ್ಲ.