ಮಲದಲ್ಲಿ ಸಾಲ್ಮೊನೆಲ್ಲಾ ಬಂದರೆ ಎರಡು ತಿಂಗಳ ಮಗುವಿಗೆ ಬ್ಲಡ್ ಕಲ್ಚರ್ ಬೇಕೇ ಬೇಕಾ?

ಅಣ್ಣ ತಂಗಿ ಇಬ್ಬರಿಗೂ ಸಾಲ್ಮೊನೆಲ್ಲಾ, ಅಂದರೆ ಭೇದಿ ತರುವ ಒಂದು ಬ್ಯಾಕ್ಟೀರಿಯಾ. ಐದು ವರ್ಷದವನನ್ನು ಓಆರ್‌ಎಸ್ ಕೊಟ್ಟು ಮನೆಗೆ ಕಳಿಸಿದರು, ಭೇದಿ ಇಳಿಮುಖವಾಗಿದ್ದರೂ ಎರಡು ತಿಂಗಳ ಕೂಸನ್ನು ಅಡ್ಮಿಟ್ ಮಾಡಿ ಅಂತಿದ್ದಾರೆ, ಇದೇಕೆ ಅಂತ ಕೇಳಿದ್ದೀರಿ. ಎರಡೂ ಸರಿಯಾದ ತೀರ್ಮಾನವೇ.

ಭೇದಿ ಎಷ್ಟು ಸಲ ಆಯ್ತು ಅನ್ನೋದು ಇಲ್ಲಿ ಅಳತೆಗೋಲಲ್ಲ, ವಯಸ್ಸು ಅಳತೆಗೋಲು. ಈ ಬ್ಯಾಕ್ಟೀರಿಯಾ ಕರುಳಿನ ಗೋಡೆ ದಾಟಿ, ತನ್ನನ್ನು ನುಂಗಲು ಬಂದ ರಕ್ಷಣಾ ಕೋಶದೊಳಗೇ ಬದುಕಬಲ್ಲದು. ಮೂರು ತಿಂಗಳೊಳಗಿನ ಕೂಸುಗಳಲ್ಲಿ ಅದು ರಕ್ತಕ್ಕೆ, ಅಲ್ಲಿಂದ ಮಿದುಳಿನ ಪೊರೆಗೆ ಅಥವಾ ಮೂಳೆಗೆ ಹೋಗುವ ಅಪಾಯ ಹೆಚ್ಚು. ರಕ್ತಕ್ಕೆ ಸೇರಿದಾಗಲೂ ಕೆಲವು ಕೂಸುಗಳು ಮೇಲ್ನೋಟಕ್ಕೆ ಚೆನ್ನಾಗಿಯೇ ಕಾಣುತ್ತವೆ. ಹಾಲು ಕುಡಿಯದಿರುವುದು, ಎಬ್ಬಿಸಿದರೂ ಮಂಕಾಗಿರುವುದು, ಏದುಸಿರು, ತಣ್ಣಗಿನ ಕೈಕಾಲು, ಮೈ ಬಿಸಿ 36 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿಯುವುದು: ಇವು ಕಂಡರೆ ಕಾಯುವಂತಿಲ್ಲ.

ಅದಕ್ಕೇ ಬ್ಲಡ್ ಕಲ್ಚರ್ (ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಅಂತ ನೋಡುವ ಪರೀಕ್ಷೆ) ಬೇಕೇ ಬೇಕು. ಇದಕ್ಕೆ ರಕ್ತವನ್ನು ಆ್ಯಂಟಿಬಯೋಟಿಕ್‌ನ ಮೊದಲ ಡೋಸ್‌ಗೆ ಮುಂಚೆ ತೆಗೆಯಬೇಕು. ಇಷ್ಟು ಚಿಕ್ಕ ಮಗುವಿಗೆ ಕನಿಷ್ಠ 1 ಮಿಲಿ ಬೇಕು. ನಾಲ್ಕು ಹನಿ ಹಾಕಿ ಕಳಿಸಿದರೆ ಬ್ಯಾಕ್ಟೀರಿಯಾ ಇದ್ದರೂ ಸಿಗದೇ ಹೋಗಬಹುದು. ಮನೆಯಲ್ಲಿ ಈಗಾಗಲೇ ಯಾವುದಾದರೂ ಆ್ಯಂಟಿಬಯೋಟಿಕ್ ಸಿರಪ್ ಕುಡಿಸಿದ್ದರೆ ಮುಚ್ಚಿಡಬೇಡಿ, ಹೆಸರು ಮತ್ತು ಕೊಟ್ಟ ಹೊತ್ತು ಹೇಳಿ. ಬೆಳೆಯುವುದಿದ್ದರೆ ಸಾಮಾನ್ಯವಾಗಿ 24ರಿಂದ 48 ಗಂಟೆಯೊಳಗೆ ಗೊತ್ತಾಗುತ್ತದೆ. ಯಾವ ಔಷಧಿಗೆ ಬಗ್ಗುತ್ತದೆ ಅನ್ನುವ ರಿಪೋರ್ಟ್‌ಗೆ ಇನ್ನೊಂದೆರಡು ದಿನ. ಮೊದಲ ದಿನ ‘ಬೆಳವಣಿಗೆ ಇಲ್ಲ’ ಅಂತ ಬಂದರೆ ಅದು ಕೊನೆಯ ಮಾತಲ್ಲ.

ಫಲಿತಾಂಶಕ್ಕೆ ಕಾಯದೆ ಇಂಜೆಕ್ಷನ್ ಶುರು ಮಾಡುತ್ತಾರೆ, ಹೆಚ್ಚಾಗಿ ಸೆಫ್ಟ್ರಿಯಾಕ್ಸೋನ್ ಅಥವಾ ಸೆಫೊಟಾಕ್ಸಿಮ್. ರಕ್ತದಲ್ಲಷ್ಟೇ ಇದ್ದರೆ ಸುಮಾರು 7ರಿಂದ 10 ದಿನ, ಮೆನಿಂಜೈಟಿಸ್ (ಮಿದುಳಿನ ಪೊರೆಯ ಸೋಂಕು) ಆಗಿದ್ದರೆ ನಾಲ್ಕು ವಾರವಾದರೂ ಬೇಕು. ಬೆನ್ನಿನಿಂದ ನೀರು ತೆಗೆಯಬೇಕು ಅನ್ನುವುದು ಈ ಎರಡರಲ್ಲಿ ಯಾವುದು ಅಂತ ತಿಳಿಯಲಿಕ್ಕೇ. ಹೆದರಿ ಬೇಡ ಅಂದರೆ ಎಷ್ಟು ದಿನದ ಚಿಕಿತ್ಸೆ ಅನ್ನೋದೇ ಊಹೆಯಾಗುತ್ತದೆ.

ದೊಡ್ಡವನಿಗೆ ಆ್ಯಂಟಿಬಯೋಟಿಕ್ ಕೊಟ್ಟರೆ ಭೇದಿ ಬೇಗ ನಿಲ್ಲುವುದಿಲ್ಲ, ಮಲದಲ್ಲಿ ಬ್ಯಾಕ್ಟೀರಿಯಾ ಹೊರಬೀಳುವ ಅವಧಿ ಉದ್ದವಾಗಬಹುದು. ಭೇದಿ ಕಟ್ಟುವ ಲೋಪೆರಮೈಡ್ ಅಂತೂ ಮಕ್ಕಳಿಗೆ ಬೇಡವೇ ಬೇಡ. ಅವನಿಗೆ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ಕಾಯಿಲೆಯೋ ತೀವ್ರ ಅಪೌಷ್ಟಿಕತೆಯೋ ಇದ್ದರೆ ಲೆಕ್ಕ ಬೇರೆ, ಡಾಕ್ಟರಿಗೆ ತಿಳಿಸಿ.

ಡಿಸ್ಚಾರ್ಜ್ ಆದ ಮೇಲೆ ಕೂಸು ಒಂದು ಕಾಲು ಆಡಿಸದಿದ್ದರೆ, ಡಯಾಪರ್ ಬದಲಿಸುವಾಗ ಕಿರುಚಿದರೆ, ಮೂಳೆ ಸೋಂಕಿರಬಹುದು. ಅವತ್ತೇ ತೋರಿಸಿ.