ಮನೆಯಲ್ಲಿ ಭಯ ತುಂಬಿರುವಾಗ ಕ್ರಿಸ್ಮಸ್ ಆಚರಿಸುವುದು ಹೇಗೆ?

ಜನವರಿಯಲ್ಲಿ ತಂದೆಯವರಿಗೆ ಹೃದಯದ ಶಸ್ತ್ರಚಿಕಿತ್ಸೆ ಇರುವುದರಿಂದ ಹಬ್ಬಕ್ಕೆ ಮನಸ್ಸೇ ಬರುತ್ತಿಲ್ಲ, ರಾತ್ರಿ ಭಯದಿಂದ ನಿದ್ದೆ ಹತ್ತುತ್ತಿಲ್ಲ, ಇದು ವಿಶ್ವಾಸ ಕುಂದಿರುವುದರ ಗುರುತೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ಬೆಟಗೇರಿಯ ನಮ್ಮ ಸಭೆಯಲ್ಲಿ ಬಹುಕಾಲದಿಂದ ಸಂಡೇ ಸ್ಕೂಲ್ ಮಕ್ಕಳಿಗೆ ಕ್ರಿಸ್ತಜನನದ ಕಥೆಯನ್ನು ಹೇಳಿಕೊಡುತ್ತಿರುವ ನಾನು ಆ ಕಥೆಯ ಆಧಾರದಿಂದಲೇ ಈ ಮಾತನ್ನು ಹೇಳುತ್ತಿದ್ದೇನೆ.

ಲೂಕ ಮತ್ತು ಮತ್ತಾಯರ ಸುವಾರ್ತೆಗಳ ಮೊದಲ ಎರಡೆರಡು ಅಧ್ಯಾಯಗಳನ್ನು ಒಟ್ಟಿಗೆ ಓದಿ ನೋಡಿ. ಜಕರೀಯ, ಮರಿಯಳು, ಯೋಸೇಫ, ಹೊಲದಲ್ಲಿದ್ದ ಕುರುಬರು, ಇವರೆಲ್ಲರಿಗೂ ದೇವದೂತನು ಹೆದರಬೇಡಿರೆಂದು ಹೇಳಬೇಕಾಯಿತು. ಯೋಸೇಫನ ವಿಷಯವಂತೂ ಅಲ್ಲಿಗೇ ಮುಗಿಯುವುದಿಲ್ಲ. ಅರಸನಾದ ಹೆರೋದನು ಬೇತ್ಲೆಹೇಮಿನ ಕೂಸುಗಳನ್ನು ಕೊಲ್ಲಿಸುವಷ್ಟರಲ್ಲಿ ಯೋಸೇಫನು ತಾಯಿಮಗುವನ್ನು ಕರೆದುಕೊಂಡು ರಾತ್ರಿಯೇ ಐಗುಪ್ತಕ್ಕೆ ಹೊರಟುಹೋಗಿದ್ದನು. ಹೆರೋದನು ಸತ್ತ ಮೇಲೆ ಹಿಂದಿರುಗಿದಾಗಲೂ ಯೂದಾಯದಲ್ಲಿ ಅವನ ಮಗ ಅರ್ಖೆಲಾಯನು ಆಳುತ್ತಿದ್ದಾನೆಂದು ಕೇಳಿ ಅಲ್ಲಿಗೆ ಹೋಗಲು ಹೆದರಿದನು. ಇಷ್ಟು ಸಲ ಕನಸಿನಲ್ಲಿ ದೇವರ ಮಾತನ್ನು ಕೇಳಿದವನು ಮತ್ತೆ ಹೆದರಿದನೆಂದು ಸುವಾರ್ತೆಯು ಮುಚ್ಚುಮರೆಯಿಲ್ಲದೆ ಬರೆದಿದೆ, ಆದರೆ ಅವನನ್ನು ಗದರಿಸಿಲ್ಲ; ಕನಸಿನಲ್ಲಿ ಮತ್ತೊಮ್ಮೆ ಅಪ್ಪಣೆ ಸಿಕ್ಕಿತು, ಅವನು ಗಲಿಲಾಯಕ್ಕೆ ಹೋಗಿ ನಜರೇತಿನಲ್ಲಿ ವಾಸಮಾಡಿದನು. ಹೆದರಿದವನ ಕೈಯಿಂದ ದೇವರು ಆ ಮಗುವನ್ನು ಕಸಿದುಕೊಳ್ಳಲಿಲ್ಲ. ನಮ್ಮ ನಾಟಕಗಳು ಜ್ಞಾನಿಗಳ ಕಾಣಿಕೆಗೇ ಮುಗಿದುಬಿಡುವುದರಿಂದ ಈ ಭಾಗ ಬಹಳ ಜನರ ಗಮನಕ್ಕೆ ಬರುವುದಿಲ್ಲವೆಂಬ ಕೊರಗು ನನಗಿದೆ.

ನನ್ನ ಯಜಮಾನರ ಮೂತ್ರಪಿಂಡಗಳು ಕೆಟ್ಟಿವೆಯೆಂದು ತಿಳಿದ ವರ್ಷ ನಾವು ಮನೆಗೆ ನಕ್ಷತ್ರ ಕಟ್ಟಿರಲಿಲ್ಲ, ಕರ್ಚಿಕಾಯಿಯನ್ನೂ ಮಾಡಿರಲಿಲ್ಲ. ಆದರೂ ಕ್ಯಾರಲ್ ತಂಡದವರು ಹಾರ್ಮೋನಿಯಂ, ಡೋಲಕ್ ಹಿಡಿದುಕೊಂಡು ಅಂಗಳಕ್ಕೆ ಬಂದರು. ಹಾಡು ಮುಗಿದ ಮೇಲೆ ತಂಡದಲ್ಲಿದ್ದ ಹಿರಿಯರೊಬ್ಬರು ಡಾಕ್ಟರು ಏನೆಂದರೆಂದು ವಿಚಾರಿಸಿ, ರಿಪೋರ್ಟನ್ನು ತರಿಸಿಕೊಂಡು, ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಎಂಬ ಹೆಸರನ್ನೂ ಬಿಡದೆ ಹೇಳಿ ಪ್ರಾರ್ಥಿಸಿದರು. ಡಯಾಲಿಸಿಸ್ ತಪ್ಪಲಿಲ್ಲ. ಆದರೆ ನಾನು ಒಬ್ಬಳೇ ಹೊತ್ತಿದ್ದ ಭಯಕ್ಕೆ ಆ ರಾತ್ರಿ ಹೆಗಲು ಕೊಡುವವರು ಸಿಕ್ಕರು, ಅಂದು ನಾನು ನಿದ್ದೆ ಮಾಡಿದೆ.

ನಿಮ್ಮ ತಂದೆಯವರ ಶಸ್ತ್ರಚಿಕಿತ್ಸೆ ಸಫಲವಾಗಿಯೇ ಆಗುತ್ತದೆಂದು ನಾನು ಮಾತು ಕೊಡಲಾರೆ. ಹಾಗೆ ಮಾತು ಕೊಡುವವರನ್ನು ನೀವು ನಂಬುವುದೂ ಬೇಡ. ಹೆರೋದನ ಕಾಲದಲ್ಲಿ, ಎತ್ತಿಕೊಳ್ಳುವವರಿಲ್ಲದಿದ್ದರೆ ಬದುಕಲಾರದ ಕೂಸಾಗಿ ಬಂದ ಕರ್ತನು ಆಪರೇಷನ್ ಥಿಯೇಟರಿನ ಬಾಗಿಲ ಒಳಗೂ ಹೊರಗೂ ಇರುತ್ತಾನೆ, ಮರಣವೂ ಆತನ ಕೈಯಿಂದ ನಮ್ಮವರನ್ನು ಕಿತ್ತುಕೊಳ್ಳಲಾರದು ಎಂಬುದೇ ನನ್ನ ನಿರೀಕ್ಷೆ. 1841ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆ ಬೆಟಗೇರಿಗೆ ಬಂದಂದಿನಿಂದ, 1876–78ರ ಭೀಕರ ಬರಗಾಲವೂ ಸೇರಿ, ಎಂತೆಂಥ ಡಿಸೆಂಬರ್‌ಗಳನ್ನು ನಮ್ಮ ಹಿರಿಯರು ಇದೇ ನಿರೀಕ್ಷೆಯಲ್ಲಿ ಕಳೆದಿರಬೇಕೆಂದು ನಾನು ಆಗಾಗ ಯೋಚಿಸುತ್ತೇನೆ.

ರಾತ್ರಿ ಎಚ್ಚರವಾದಾಗ ಪ್ರಾರ್ಥನೆಗೆ ಮಾತು ಹೊರಡದಿದ್ದರೆ ಹದಿಮೂರನೆಯ ಕೀರ್ತನೆಯನ್ನು ಗಟ್ಟಿಯಾಗಿ ಓದಿರಿ. ಇನ್ನೆಷ್ಟು ಕಾಲವೆಂದು ದೇವರನ್ನೇ ಕೇಳುವ ಆರು ವಚನಗಳಷ್ಟೇ ಅಲ್ಲಿವೆ. ಹಬ್ಬವನ್ನು ಚಿಕ್ಕದಾಗಿ ಮಾಡಿದರೂ ಸಾಕು. ತಂದೆಯವರಿಗೆ ದೇವಾಲಯಕ್ಕೆ ಬರಲಾಗದಿದ್ದರೆ ನಿಮ್ಮ ಸಭಾಪಾಲಕರಿಗೆ ಈ ವಾರವೇ ತಿಳಿಸಿ, ಕರ್ತನ ಭೋಜನವನ್ನು, ಅಂದರೆ ಆರಾಧನೆಯಲ್ಲಿ ಹಂಚುವ ರೊಟ್ಟಿ ದ್ರಾಕ್ಷಾರಸವನ್ನು, ಮನೆಗೇ ತಂದು ಕೊಡುವಂತೆ ಕೇಳಿಕೊಳ್ಳಿ. ಶಸ್ತ್ರಚಿಕಿತ್ಸೆಯ ತಾರೀಖನ್ನೂ ಹೇಳಿಡಿ, ಭಾನುವಾರದ ಆರಾಧನೆಯಲ್ಲಿ ಸಭೆಯವರು ಅವರ ಹೆಸರು ಹಿಡಿದು ಪ್ರಾರ್ಥಿಸಲಿ.