‘ಬಾಯಿ ಕಟ್ಟಿದ್ದರೆ ಹೀಗಾಗುತ್ತಿರಲಿಲ್ಲ’ ಅನಿಸುತ್ತೆ, ಆದರೂ ಸಹಾಯ ಮಾಡಲಾ?

ಪ್ರಶ್ನೆ: ನಾನು ಮತ್ತು ನನ್ನ ತಮ್ಮ ಸೇರಿ ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ನಡೆಸುತ್ತಿದ್ದೇವೆ. ನಮ್ಮಲ್ಲಿ ಬೈಂಡಿಂಗ್ ಕೆಲಸಕ್ಕಿದ್ದ ಮಹಿಳೆಯೊಬ್ಬರು 11 ವರ್ಷ ದುಡಿದು, ಎರಡು ವರ್ಷದ ಹಿಂದೆ ಬಿಟ್ಟರು. ಸೇರಿದಾಗ ಸಾಧಾರಣ ಮೈಕಟ್ಟು. ಆಮೇಲೆ ಸಂಧಿವಾತ ಶುರುವಾಯಿತು. ಸ್ಟೀರಾಯ್ಡ್ ಗುಳಿಗೆ, ಅದೂ ಇದೂ ಅಂತ ತೆಗೆದುಕೊಳ್ಳುತ್ತಿದ್ದರು. ತುಂಬಾ ದಪ್ಪಗಾದರು. ಮೆಟ್ಟಿಲು ಹತ್ತೋಕೆ ಕಷ್ಟ, ಆಗಾಗ ರಜೆ. ಪ್ರೆಸ್ಸಿನಲ್ಲಿ ಎಲ್ಲರೂ ತಮಾಷೆಗೆ ‘ಡಬಲ್ ಡೆಮಿ’ (ದೊಡ್ಡ ಸೈಜಿನ ಕಾಗದದ ಹೆಸರು) ಅಂತ ಕರೆಯುತ್ತಿದ್ದೆವು, ಅವರೂ ನಗುತ್ತಿದ್ದರು. ಈಗ ಅವರ ಮಗಳು ಫೋನ್ ಮಾಡಿದ್ದಳು. ಅಮ್ಮನಿಗೆ ಸೊಂಟದ ಕೀಲು ಬದಲಿಸಬೇಕಂತೆ, ಏನಾದರೂ ಸಹಾಯ ಮಾಡ್ತೀರಾ ಅಂತ ಕೇಳಿದಳು. ನನಗೆ ಕನಿಕರ ಬಂತು, ಜೊತೆಗೇ ಸಿಟ್ಟೂ ಬಂತು. ಬಾಯಿ ಕಟ್ಟಿದ್ದರೆ ಹೀಗಾಗುತ್ತಿತ್ತಾ? ಎಷ್ಟು ಸಲ ಹೇಳಿದ್ದೆ! ‘ಬಿಟ್ಟು ಹೋದವರ ಹೊಣೆ ನಮ್ಮದಲ್ಲ, ಒಬ್ಬರಿಗೆ ಕೊಟ್ಟರೆ ನಾಳೆ ಸಾಲು ನಿಲ್ಲುತ್ತೆ’ ಅಂತಾನೆ ತಮ್ಮ. ಹಿಂದೊಮ್ಮೆ ನಮ್ಮ ಮಷಿನ್ ಮ್ಯಾನ್‌ಗೆ ಹಾರ್ಟ್ ಆಪರೇಷನ್ ಆದಾಗ ದುಡ್ಡು ಕೊಟ್ಟಿದ್ದೆವು. ಸಿಗರೇಟ್ ಬಿಡು ಅಂದರೂ ಬಿಡದ ಆಸಾಮಿ. ಆದರೆ ಅವನು ಆಗ ಕೆಲಸದಲ್ಲಿದ್ದ. ನಾನೇನು ಮಾಡಲಿ?

ಉತ್ತರ: ನಿಮ್ಮ ಪತ್ರದ ಕೊನೆಗೆ ಬಂದ ಆ ಮಷಿನ್ ಮ್ಯಾನ್‌ನಿಂದಲೇ ಶುರು ಮಾಡೋಣ. ಹೇಳಿದರೂ ಸಿಗರೇಟ್ ಬಿಡಲಿಲ್ಲ. ಹೃದಯ ಕೆಟ್ಟಿತು. ನೀವು ದುಡ್ಡು ಕೊಟ್ಟಿರಿ. ಒಳ್ಳೆಯ ಕೆಲಸ. ‘ಇವನದೇ ತಪ್ಪು’ ಅಂತ ಆಗಲೂ ಮನಸ್ಸಿಗೆ ಬಂದಿರುತ್ತೆ, ಆದರೆ ಅದು ನಿಮ್ಮ ಕೈ ತಡೆಯಲಿಲ್ಲ. ಈಗ ಮಾತ್ರ ತಡೆಯುತ್ತಿದೆ. ಅವನು ಕೆಲಸದಲ್ಲಿದ್ದ, ಇವರು ಬಿಟ್ಟಿದ್ದಾರೆ ಅನ್ನೋ ವ್ಯತ್ಯಾಸ ನಿಜವೇ, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ನಿಮಗೆ ಸಿಟ್ಟು ಬಂದದ್ದು ಅವರು ಕೆಲಸ ಬಿಟ್ಟರು ಅಂತಲ್ಲ, ದಪ್ಪಗಾದರು ಅಂತ. ಅಲ್ವಾ?

ಸಿಗರೇಟ್ ಸೇದುವವನ ಶ್ವಾಸಕೋಶ ಯಾರಿಗೂ ಕಾಣಲ್ಲ. ಮೈ ಎಲ್ಲರಿಗೂ ಕಾಣುತ್ತೆ. ಕಂಡ ಮಾತ್ರಕ್ಕೆ ಅದರ ಬಗ್ಗೆ ತೀರ್ಪು ಕೊಡೋ ಹಕ್ಕೂ ಬಂತು ಅಂದುಕೊಳ್ಳುತ್ತೇವೆ.

ನೀವೇ ಬರೆದು, ನೀವೇ ದಾಟಿಹೋದ ಒಂದು ವಾಕ್ಯವಿದೆ: ‘ಸ್ಟೀರಾಯ್ಡ್ ಗುಳಿಗೆ, ಅದೂ ಇದೂ’. ಸ್ವಲ್ಪ ಅಲ್ಲಿ ನಿಲ್ಲಿ. ಸಂಧಿವಾತದಲ್ಲಿ ಹಲವು ಬಗೆಗಳಿವೆ. ರುಮಟಾಯ್ಡ್ ಅನ್ನೋ ಬಗೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿಬೀಳುತ್ತದೆ. ಅಂಥ ಕಾಯಿಲೆಯ ಉರಿಯೂತ ತಗ್ಗಿಸೋಕೆ ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಕೊಡುತ್ತಾರೆ. ಕೆಲಸ ಮಾಡುತ್ತೆ, ನೋವು ಇಳಿಯುತ್ತೆ. ಆದರೆ ತಿಂಗಳುಗಟ್ಟಲೆ ತೆಗೆದುಕೊಂಡರೆ ಹಸಿವು ಜಾಸ್ತಿಯಾಗುತ್ತೆ, ಮೈಯಲ್ಲಿ ಉಪ್ಪು, ನೀರು ನಿಲ್ಲುತ್ತೆ. ಮುಖ ಗುಂಡಗಾಗುತ್ತೆ. ಕೊಬ್ಬು ಹೊಟ್ಟೆ, ಮುಖ, ಕತ್ತಿನ ಹಿಂದೆ ಹೋಗಿ ಕೂರುತ್ತೆ. ದಪ್ಪ ಆಗ್ತಿದ್ದೀನಿ ಅಂತ ಗುಳಿಗೆಯನ್ನು ಒಮ್ಮೆಲೇ ಬಿಡೋಹಾಗೂ ಇಲ್ಲ. ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿರುವಾಗ ದೇಹ ತನ್ನದೇ ಸ್ಟೀರಾಯ್ಡ್ ಆದ ಕಾರ್ಟಿಸಾಲ್ ತಯಾರಿಸೋದನ್ನು ಕಡಿಮೆ ಮಾಡಿರುತ್ತೆ. ದಿಢೀರ್ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಡಾಕ್ಟರು ಹೇಳಿದ ಹಾಗೆ ನಿಧಾನವಾಗಿ ಇಳಿಸಬೇಕು.

ಇನ್ನೂ ಒಂದಿದೆ. ಹೆಚ್ಚು ಕಾಲ, ಹೆಚ್ಚು ಪ್ರಮಾಣದಲ್ಲಿ ಸ್ಟೀರಾಯ್ಡ್ ತೆಗೆದುಕೊಂಡವರಲ್ಲಿ ಕೆಲವರಿಗೆ ತೊಡೆಮೂಳೆಯ ತಲೆಭಾಗಕ್ಕೆ ರಕ್ತ ಸರಿಯಾಗಿ ಹೋಗದೆ ಆ ಮೂಳೆ ಸಾಯುತ್ತದೆ. ಸೊಂಟದ ಕೀಲು ಕುಸಿಯುತ್ತದೆ. ಕೀಲು ಬದಲಿಸೋದು ಬಿಟ್ಟು ಬೇರೆ ದಾರಿ ಇರದ ಸ್ಥಿತಿಯೂ ಬರಬಹುದು. ಸಂಧಿವಾತವೇ ಕೀಲನ್ನು ತಿಂದುಹಾಕುವುದೂ ಉಂಟು. ಇವರಿಗೆ ಆಗಿದ್ದು ಇದೇ ಅಂತ ನಾನು ಕೂತಲ್ಲಿಂದ ಹೇಳೋಕಾಗಲ್ಲ. ಅವರ ಎಕ್ಸ್‌ರೇ ನೋಡಿದ ಡಾಕ್ಟರು ಹೇಳಬೇಕು. ಆದರೆ ‘ದಪ್ಪಗಾದರು, ಅದಕ್ಕೇ ಸೊಂಟ ಹೋಯಿತು’ ಅಂತ ನೀವು ಹೇಳುವಷ್ಟು ಸಲೀಸಾಗಿ ಯಾವ ಡಾಕ್ಟರೂ ಹೇಳಲಾರರು. ಕಾಯಿಲೆ, ಗುಳಿಗೆ, ತೂಕ, ಕೀಲು ಎಲ್ಲ ಒಂದಕ್ಕೊಂದು ಹೆಣೆದುಕೊಂಡಿವೆ. ನೀವು ಕಣ್ಣಿಗೆ ಕಂಡ ಒಂದನ್ನು ಮಾತ್ರ ಹಿಡಿದುಕೊಂಡಿರಿ.

ತೂಕದಿಂದ ಕೀಲಿಗೆ ಭಾರ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇದೆ. ಸಕ್ಕರೆ ಕಾಯಿಲೆಗೂ ಹೃದಯಕ್ಕೂ ಅದರ ನಂಟು ಇದೆ. ನನ್ನ ತಕರಾರು ‘ಬಾಯಿ ಕಟ್ಟು’ ಅನ್ನೋ ಮದ್ದಿನ ಮೇಲೆ. 2022ರ ಲೆಕ್ಕದಲ್ಲಿ ಜಗತ್ತಿನ ಪ್ರತಿ 8 ಜನರಲ್ಲಿ ಒಬ್ಬರಿಗೆ ಬೊಜ್ಜಿನ ಸಮಸ್ಯೆ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ನೂರು ಕೋಟಿಗೂ ಮೇಲ್ಪಟ್ಟ ಜನ. ಇಷ್ಟೂ ಜನರಿಗೆ ಒಟ್ಟಿಗೇ ಮನಸ್ಸಿನ ಹಿಡಿತ ತಪ್ಪಿತಾ?

ಅಮೆರಿಕದಲ್ಲಿ ಟಿವಿಯ ತೂಕ ಇಳಿಸುವ ಸ್ಪರ್ಧೆಯೊಂದರಲ್ಲಿ ಇದ್ದ 14 ಜನರನ್ನು ಆರು ವರ್ಷಗಳ ನಂತರ ಸಂಶೋಧಕರು ಪರೀಕ್ಷಿಸಿದರು. 2016ರಲ್ಲಿ ಅದರ ವರದಿ ಬಂತು. ಕಟ್ಟುನಿಟ್ಟಾಗಿ ಬಾಯಿ ಕಟ್ಟಿ, ಬೆವರು ಸುರಿಸಿ ತೂಕ ಇಳಿಸಿದ್ದ ಜನ. ಹೆಚ್ಚಿನವರಿಗೆ ತೂಕ ಮರಳಿ ಬಂದಿತ್ತು. ಅವರ ಮೈ ಮಾತ್ರ ಇನ್ನೂ ದಿನಕ್ಕೆ ಸುಮಾರು 500 ಕ್ಯಾಲರಿ ಕಡಿಮೆ ಸುಡುತ್ತಿತ್ತು. ಅಂದರೆ ಅಷ್ಟೇ ತೂಕದ ಬೇರೆಯವರು ತಿಂದಷ್ಟೇ ತಿಂದರೂ ಇವರು ದಪ್ಪಗಾಗುತ್ತಾರೆ. ಇಳಿದ ತೂಕವನ್ನು ದೇಹ ನಷ್ಟ ಅಂತಲೇ ಬರೆದುಕೊಂಡು, ವಸೂಲಿ ಮಾಡುವವರೆಗೆ ಬಿಡೋದಿಲ್ಲ. ಆರೋಗ್ಯವಂತರ ಕಥೆಯೇ ಹೀಗಿದ್ದರೆ, ನೋವಿನ ಕೀಲು ಇಟ್ಟುಕೊಂಡು ಸ್ಟೀರಾಯ್ಡ್ ನುಂಗುತ್ತಾ ನಿಮ್ಮ ಮೆಟ್ಟಿಲು ಹತ್ತಿದವರ ಕಥೆ ಯೋಚಿಸಿ.

‘ಎಷ್ಟು ಸಲ ಹೇಳಿದ್ದೆ’ ಅಂತ ಬರೆದಿದ್ದೀರಿ. ಅವರಿಗೆ ಅದು ಗೊತ್ತಿರಲಿಲ್ಲ ಅಂದುಕೊಂಡಿರಾ? ದಪ್ಪ ಇರುವವರಿಗೆ ಆ ವಿಷಯವನ್ನು ದಿನಾ ಯಾರಾದರೂ ಒಬ್ಬರು ನೆನಪಿಸುತ್ತಲೇ ಇರುತ್ತಾರೆ. ಆಡಿಕೊಳ್ಳೋದರಿಂದ ತೂಕ ಇಳಿಯಲ್ಲ. ಎಷ್ಟೋ ಜನ ಬೈಸಿಕೊಳ್ಳೋದು ಬೇಡ ಅಂತ ಡಾಕ್ಟರ ಹತ್ತಿರ ಹೋಗೋದನ್ನೇ ಮುಂದೂಡುತ್ತಾರೆ.

ಇನ್ನು ಆ ‘ಡಬಲ್ ಡೆಮಿ’. ಕಾಗದದ ಸೈಜು ಗೊತ್ತಿರುವ ನಿಮ್ಮಂಥವರಿಗೆ ಮಾತ್ರ ಹೊಳೆಯೋ ತಮಾಷೆ, ಒಪ್ಪುತ್ತೇನೆ. ಅವರೂ ನಗುತ್ತಿದ್ದರು ಅಂತೀರಿ. ಸಂಬಳ ಕೊಡುವವರು ತಮಾಷೆ ಮಾಡಿದಾಗ ನಗದೆ ಇನ್ನೇನು ಮಾಡಬೇಕಿತ್ತು? ಆಗ ಮಾಲೀಕರಾಗಿ ನೀವು ಒಂದು ಮಾತಲ್ಲಿ ಅದನ್ನು ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ, ಜೊತೆಗೆ ಸೇರಿಕೊಂಡಿರಿ.

ಸರಿ, ನಿಮ್ಮ ತಮ್ಮನ ಮಾತಿಗೆ ಬರೋಣ. ಬಿಟ್ಟು ಹೋದವರ ಹೊಣೆ ನಮ್ಮದಲ್ಲ ಅನ್ನೋದರಲ್ಲಿ ಅರ್ಧ ಸತ್ಯವಿದೆ. ಹಳೆಯ ಕೆಲಸಗಾರರ ಪ್ರತಿಯೊಂದು ಕಾಯಿಲೆಗೂ ಹಳೆಯ ಮಾಲೀಕರು ದುಡ್ಡು ಕೊಡಬೇಕು ಅಂತ ನಾನೂ ಹೇಳಲ್ಲ. ಸಣ್ಣ ಪ್ರೆಸ್ಸಿಗೆ ಅದು ಆಗದ ಮಾತು. ಆದರೆ ದುಡ್ಡು ಕೊಡೋದರಲ್ಲೂ ಬಗೆಗಳಿವೆ. ಅವರು ಬಿಡುವಾಗ ಲೆಕ್ಕ ಪೂರ್ತಿ ಚುಕ್ತಾ ಆಗಿತ್ತಾ? ಬಳಸದೆ ಉಳಿದ ರಜೆಯ ದುಡ್ಡು, ಓವರ್‌ಟೈಮ್, ಸೇವೆಯ ವರ್ಷಗಳಿಗೆ ಕಾನೂನಿನ ಪ್ರಕಾರ ಬರಬೇಕಾದ ಮೊತ್ತ, ಭವಿಷ್ಯ ನಿಧಿ ಇದ್ದರೆ ಅದರ ಕಾಗದಪತ್ರ? ಹಳೆಯ ಲೆಡ್ಜರ್ ತೆಗೆಯಿರಿ. ಒಂದು ರೂಪಾಯಿ ಬಾಕಿ ಇದ್ದರೂ ಅದು ಸಾಲ. ಅದನ್ನು ‘ಸಹಾಯ’ ಅಂತ ಹೆಸರಿಟ್ಟು ಕೊಟ್ಟು ದೊಡ್ಡವರಾಗಬೇಡಿ.

ಆಮೇಲೆ ಕೆಲಸದ ಲೆಕ್ಕ. ಬೈಂಡಿಂಗ್ ಅಂದರೆ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಇಡೀ ದಿನ ಮೇಜಿನ ಮುಂದೆ ನಿಂತು ಫಾರಂ, ಅಂದರೆ ಅಚ್ಚಾದ ದೊಡ್ಡ ಹಾಳೆ, ಮಡಚೋದು, ಜೋಡಿಸೋದು, ಪುಸ್ತಕದ ಕಟ್ಟುಗಳನ್ನು ಎತ್ತಿ ಇಳಿಸೋದು. ಬಗ್ಗಿದ ಬೆನ್ನು, ಒಂದೇ ಚಲನೆ ಸಾವಿರ ಸಲ. ಭಾರದ ಕೆಲಸ, ಒಂದೇ ರೀತಿಯ ಚಲನೆ, ಸರಿಯಿಲ್ಲದ ಭಂಗಿ ಇವುಗಳಿಂದ ಬರುವ ಕೀಲು, ಸ್ನಾಯುವಿನ ತೊಂದರೆಗಳನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ತನ್ನ 2010ರ ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿದೆ. ಇವರ ಸಂಧಿವಾತ ನಿಮ್ಮ ಪ್ರೆಸ್ಸಿನಿಂದ ಬಂತು ಅಂತ ಅಲ್ಲ. ಆದರೆ ಆ ಕೀಲು ಸವೆದ 11 ವರ್ಷ ಅದು ನಿಮ್ಮ ಕೆಲಸವನ್ನೂ ಮಾಡುತ್ತಿತ್ತು. ಕಾಯಿಲೆ ಗೊತ್ತಾದ ಮೇಲೆ ಅವರಿಗೆ ಒಂದು ಸ್ಟೂಲ್ ಕೊಟ್ಟಿದ್ದಿರಾ? ಮೆಟ್ಟಿಲು ಹತ್ತದ ಹಾಗೆ ಕೆಳಗೆ ಪ್ರೂಫ್ ಕೆಲಸಕ್ಕೆ ಹಾಕಿದ್ದಿರಾ? ಪತ್ರದಲ್ಲಿ ಅದರ ಬಗ್ಗೆ ಮಾತಿಲ್ಲ. ಅವರೇ ಬಿಟ್ಟರು ಅಂತೀರಿ. ಬಿಡದೆ ಇರೋಕೆ ಜಾಗ ಇತ್ತಾ ಅನ್ನೋದನ್ನೂ ಕೇಳಿಕೊಳ್ಳಿ.

ಯಾರ ತಪ್ಪು ಅನ್ನೋ ಪ್ರಶ್ನೆಗೆ ಮಾಲೀಕರ ಲೋಕ ಬಹಳ ಹಿಂದೆಯೇ ಒಂದು ಉತ್ತರ ಕಂಡುಕೊಂಡಿದೆ. ಯಂತ್ರಕ್ಕೆ ಕೈ ಸಿಕ್ಕಿದರೆ ‘ನೀನು ಎಚ್ಚರ ತಪ್ಪಿದ್ದು’ ಅಂತ ಕೆಲಸಗಾರನನ್ನು ಬರಿಗೈಲಿ ಕಳಿಸುವ ಕಾಲವಿತ್ತು. 1884ರಲ್ಲಿ ಜರ್ಮನಿ ಅಪಘಾತ ವಿಮೆಯ ಕಾನೂನು ತಂದು, ಹಣ ಮಾಲೀಕರೇ ಕಟ್ಟಬೇಕು ಅಂದಿತು. ತಪ್ಪು ಯಾರದು ಅನ್ನೋ ಜಗಳವನ್ನೇ ಬದಿಗಿಟ್ಟಿತು. 1897ರಲ್ಲಿ ಬ್ರಿಟನ್ ಕೂಡ ಅದೇ ದಾರಿಗೆ ಬಂತು. ತಪ್ಪು ಹುಡುಕುತ್ತಾ ಕೂತರೆ ಅಷ್ಟರಲ್ಲಿ ಮನೆ ಮುಳುಗಿಹೋಗುತ್ತೆ ಅಂತ ಗೊತ್ತಾಗಿತ್ತು. ನಿಮ್ಮ ವಿಷಯ ಅಪಘಾತದ್ದಲ್ಲ, ಕಾನೂನು ನಿಮ್ಮನ್ನು ಹಿಡಿಯದೇ ಇರಬಹುದು. ಆದರೂ ಆ ಕ್ರಮ ನಿಮಗೂ ಒಳ್ಳೆಯದು. ಅವರು ಏನು ತಿಂದರು ಅನ್ನೋದನ್ನು ಬಿಡಿ. ನಿಮಗಾಗಿ ಎಷ್ಟು ದುಡಿದರು, ನಿಮ್ಮ ಕೈಲಿ ಎಷ್ಟಾಗುತ್ತೆ ಅನ್ನೋದನ್ನಷ್ಟೇ ನೋಡಿ.

ಹಾಗಾಗಿ ನನ್ನ ಉತ್ತರ: ಕೊಡಿ. ಮನೆ, ಪ್ರೆಸ್ ಎರಡಕ್ಕೂ ಭಾರವಾಗದಷ್ಟು, ಒಂದೇ ಸಲಕ್ಕೆ, ವಾಪಸ್ ಕೇಳದ ಹಾಗೆ. ಸಾಲ ಅಂತ ಕೊಟ್ಟು ಆಮೇಲೆ ಮುಖ ಊದಿಸಿಕೊಳ್ಳಬೇಡಿ. ಆಸ್ಪತ್ರೆಯ ಬಿಲ್ಲಿಗೆ ನೇರ ಕಟ್ಟೋದು ಅವರಿಗೆ ಒಪ್ಪಿಗೆಯಾದರೆ ಹಾಗೇ ಮಾಡಿ. ‘ಇನ್ನಾದರೂ ತೂಕ ನೋಡಿಕೊಳ್ಳಿ’ ಅಂತ ಒಂದು ಮಾತು ಸೇರಿಸುವ ಆಸೆ ಖಂಡಿತ ಬರುತ್ತೆ. ನುಂಗಿಕೊಳ್ಳಿ. ಆಪರೇಷನ್ನಿಗೆ ಮುಂಚೆ ತೂಕ ಇಳಿಸಿ ಅಂತ ಸರ್ಜನ್ ಹೇಳಲೂಬಹುದು. ಅದು ಅವರಿಬ್ಬರ ನಡುವಿನ ಮಾತು.

ತಮ್ಮನ ‘ಸಾಲು ನಿಲ್ಲುತ್ತೆ’ ಅನ್ನೋ ಭಯಕ್ಕೆ ಸಿಟ್ಟಾಗಬೇಡಿ, ಅದು ವ್ಯಾಪಾರಿಯ ಭಯ. ಇಬ್ಬರೂ ಕೂತು ಒಂದು ನಿಯಮ ಬರೆದಿಡಿ. ಇಷ್ಟು ವರ್ಷ ದುಡಿದವರಿಗೆ, ದೊಡ್ಡ ಕಾಯಿಲೆ ಬಂದರೆ, ಒಂದು ಸಲ, ಇಷ್ಟರವರೆಗೆ. ಕೆಲಸದಲ್ಲಿರುವವರಿಗೆ ಜಾಸ್ತಿ, ಬಿಟ್ಟವರಿಗೆ ಕಡಿಮೆ ಅಂತ ಇಟ್ಟರೂ ತಪ್ಪಿಲ್ಲ. ಮಷಿನ್ ಮ್ಯಾನ್ ವ್ಯತ್ಯಾಸಕ್ಕೆ ಜಾಗ ಇರೋದು ಇಲ್ಲೇ, ಮೊತ್ತದಲ್ಲಿ. ನಿಯಮ ಇದ್ದರೆ ಸಾಲು ಎಷ್ಟು ಉದ್ದ ಅಂತ ಮೊದಲೇ ಗೊತ್ತಿರುತ್ತೆ. ಹನ್ನೊಂದು ವರ್ಷ ಒಂದೇ ಕಡೆ ನಿಂತವರು ನಿಮ್ಮಲ್ಲಿ ಎಷ್ಟು ಜನ ಇದ್ದಾರು ಹೇಳಿ!

ಅವರ ಕಾಯಿಲೆಯನ್ನು ಪ್ರೆಸ್ಸಿನ ವಾಟ್ಸ್ಯಾಪ್ ಗುಂಪಿನಲ್ಲಿ ಹಾಕಿ ಚಂದಾ ಎತ್ತಬೇಡಿ. ಕ್ಷಮೆ ಕೇಳಬೇಕು ಅನಿಸಿದರೆ ಕೇಳಿ, ಆದರೆ ದುಡ್ಡು ಕೊಟ್ಟ ದಿನ ಬೇಡ. ಆ ದಿನ ಅವರು ‘ಪರವಾಗಿಲ್ಲ ಬಿಡಿ’ ಅನ್ನದೆ ಬೇರೇನೂ ಅನ್ನೋಕಾಗಲ್ಲ.

ಫೋನ್ ಮಾಡಿದ್ದು ಮಗಳು. ಕೇಳಿದ್ದು ಅಮ್ಮನಿಗೆ ಗೊತ್ತಿದೆಯಾ ಅಂತ ಮೊದಲು ವಿಚಾರಿಸಿ. ಗೊತ್ತಿಲ್ಲದಿದ್ದರೆ ಹೇಗೆ ತಲುಪಿಸಬೇಕು ಅಂತ ಮಗಳೇ ಹೇಳಲಿ. ಎಷ್ಟು ಅನ್ನೋದನ್ನು ಈ ವಾರವೇ ತೀರ್ಮಾನಿಸಿ. ಆಗಲ್ಲ ಅನ್ನೋದಾದರೂ ಬೇಗ ಹೇಳಿಬಿಡಿ, ಆ ಹುಡುಗಿ ಬೇರೆ ಕಡೆ ಕೇಳೋಕೆ ಸಮಯ ಬೇಕು.